ಟವೆಲ್ ಮರೆಯ ಕೈ

ಮೂವತ್ತು ವರ್ಷ ನ್ಯಾಮತಿ ಕಡೆಯ ಸಂತೆಗಳಲ್ಲಿ ದನದ ದಲ್ಲಾಳಿಯಾಗಿದ್ದೆ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ತಿಳಿಸುವುದು ನಮ್ಮ ಪದ್ಧತಿ. ಸುತ್ತ ಎಷ್ಟು ಜನ ನಿಂತಿದ್ದರೂ ಗುಟ್ಟು ಎರಡು ಕೈಗಳಿಗಷ್ಟೇ ಗೊತ್ತು. ಅಂಥ ಗುಟ್ಟನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳದ ನಾನು ನನ್ನ ಅಕ್ಕನ ಮಗಳ ಗುಟ್ಟನ್ನು ಬಿಟ್ಟುಕೊಟ್ಟೆ.

ಅವಳು ಹೊನ್ನಾಳಿಯ ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು, ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಗೆಳತಿಯ ಮನೆ ಸೇರುವವಳಿದ್ದಳು. ಅದು ಗೊತ್ತಿದ್ದದ್ದು ನಮ್ಮವರಲ್ಲಿ ನನಗೊಬ್ಬನಿಗೆ. ಹೊರಡುವ ಮುನ್ನ ಚನ್ನಗಿರಿಯ ನಮ್ಮ ಮನೆಯಲ್ಲಿ ಕೂತು ನನ್ನ ಫೋನಿಗೆ ಒಂದು ಆ್ಯಪ್ ಹಾಕಿದಳು.

"ಇದು ನಿಮ್ಮ ಟವೆಲ್ ಇದ್ದಂಗೆ ಮಾಮ. ನನ್ನ ಫೋನು ಮಾತಿಗೆ ಬೀಗ ಹಾಕಿ ಕಳಿಸ್ತೈತೆ. ಬೀಗದಕೈ ನಿಮ್ಮ ಫೋನಾಗೆ ಮಾತ್ರ ಐತೆ. ನಡುವೆ ಯಾರು ಹಿಡಿದ್ರೂ ಓದಾಕೆ ಆಗಲ್ಲ."

"ಟವೆಲ್ ಒಳಗೆ ಬ್ಯಾರೆಯವನು ಕೈ ಹಾಕಿದ್ರೆ?"

"ದಲ್ಲಾಳಿ ಬುದ್ಧಿ ಎಲ್ಲಿ ಹೋಗ್ತೈತೆ!" ಎಂದು ನಕ್ಕಳು. ಅರವತ್ತು ಅಂಕಿಗಳ ಒಂದು ಸಾಲು ತೋರಿಸಿದಳು. ಎರಡೂ ಫೋನಿನಲ್ಲಿ ಅದು ಒಂದೇ ಇರಬೇಕು. "ಕೈ ಬದಲಾದ್ರೆ 'ಭದ್ರತಾ ಸಂಖ್ಯೆ ಬದಲಾಗಿದೆ' ಅಂತ ಬರ್ತೈತೆ. ನನ್ನ ದನಿ ಕೇಳಿ ಅಂಕಿ ತಾಳೆ ನೋಡೋವರೆಗೂ ಏನೂ ಬರೀಬ್ಯಾಡ್ರಿ. ಗೊತ್ತಿಲ್ದ ನಂಬರಿನ ಫೋನೂ ಎತ್ತಬ್ಯಾಡ್ರಿ."

ಎರಡು ತಿಂಗಳಲ್ಲಿ ಆ ಎಚ್ಚರಿಕೆ ಎರಡು ಸಲ ಬಂತು. ಒಮ್ಮೆ ಅವಳ ಫೋನು ನೀರಿಗೆ ಬಿದ್ದಿತ್ತು, ಇನ್ನೊಮ್ಮೆ ಆ್ಯಪ್ ಅಳಿಸಿಹೋಗಿತ್ತು. ಪ್ರತಿಸಲ ಅರವತ್ತು ಅಂಕಿ ಓದಬೇಕು. ನಲವತ್ತಕ್ಕೆ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು. ಮತ್ತೆ ಮೊದಲಿನಿಂದ.

"ಸಾಕವ್ವ, ಕುರಿ ಎಣಿಸಿದಂಗಾತು," ಎಂದು ರೇಗಿದೆ.

"ನನ್ನ ಜೀವ ಐತೆ ಮಾಮ ಅದ್ರಾಗೆ," ಎಂದಳು.

ಮೂರನೆಯ ಸಲ ಬಂದದ್ದು ಒಂದು ಮಧ್ಯಾಹ್ನ. ಅವತ್ತು ಬೆಳಗಿನಿಂದ ಗೊತ್ತಿಲ್ಲದ ಯಾವುದೋ ನಂಬರಿನಿಂದ ಮೂರು ಸಲ ಫೋನ್ ಬಂದಿತ್ತು. ಮೂರು ಸಲವೂ ಕಟ್ ಮಾಡಿದ್ದೆ. ಆಮೇಲೆ ಆ್ಯಪಿನಲ್ಲಿ ಅದೇ ಎಚ್ಚರಿಕೆಯ ಸಾಲು, ಕೆಳಗೆ ಅವಳ ಹೆಸರಿನಲ್ಲಿ ಸಂದೇಶ: "ಮಾವ, ಹೊಸ ಫೋನು. ಯಾವತ್ತು ಬರ್ತೀರಿ?"

ಅಂಕಿ ಓದಲು ಬೇಸರವಾಯಿತು. "ಸೋಮವಾರ ಸೊಕ್ಕೆಗೆ ಬರ್ತೀನಿ," ಎಂದು ಬರೆದು ಕಳಿಸಿದೆ.

ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಬೇಸರಕ್ಕೆ ಮಾಡಿದ್ದು.

ಓದಿಯಾಯಿತು ಎಂಬ ಗುರುತು ಮೂಡಿದ ಮೇಲೆ ಸಂದೇಶವನ್ನು ಮತ್ತೆ ನೋಡಿದೆ. ಮಾವ. ಮಾತು ಕಲಿತಾಗಿನಿಂದ ಅವಳು ನನ್ನನ್ನು ಮಾಮ ಎಂದೇ ಕರೆದವಳು. ನನ್ನನ್ನು ಮಾವ ಅನ್ನುವವನು ಅವಳ ಗಂಡ. ಅವಳ ಸಿಮ್ ಇದ್ದದ್ದೂ ಅವನ ಹೆಸರಿನಲ್ಲೇ. ಸಿಮ್ ಕಳೆದಿದೆ ಎಂದು ಹೇಳಿ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡಿರಬೇಕು. ಸಂತೆಯಲ್ಲಾಗಿದ್ದರೆ ಬೆರಳು ತಾಕಿದ ಕೂಡಲೇ ಯಾರ ಕೈ ಎಂದು ತಿಳಿಯುತ್ತಿದ್ದೆ.

ಸಂದೇಶ ಅಳಿಸಿದೆ. ಅವನು ಓದಿಯಾಗಿತ್ತು. ಗೊತ್ತಿಲ್ಲದ ಆ ನಂಬರು ನಾಲ್ಕನೆಯ ಸಲ ಬಡಿದುಕೊಂಡಾಗ ಎತ್ತಿದೆ.

"ಮಾಮ, ಬೆಳಗ್ಗಿಂದ ನನ್ನ ಸಿಮ್ ಸತ್ತೈತೆ! ಆ ನಂಬರಿಗೆ ಏನೂ ಬರೀಬ್ಯಾಡ್ರಿ!"

"ಬರೆದುಬಿಟ್ಟೆ ಕಣವ್ವ."

"ಊರಿನ ಹೆಸರಾ?"

"ಹ್ಞೂಂ."

ಬೈಯಲಿಲ್ಲ. ಫೋನ್ ಇಟ್ಟಳು.

ಹೊನ್ನಾಳಿಯಿಂದ ಸೊಕ್ಕೆಗೆ ಬೈಕಿನಲ್ಲಿ ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಾ ಬಾಗಿಲಲ್ಲೇ ಕೂತೆ. ಸಂಜೆ ಅದೇ ನಂಬರಿನಿಂದ ಅವಳ ಗೆಳತಿ ಮಾತಾಡಿದಳು.

"ಇಬ್ರನ್ನ ಕರ್ಕೊಂಡು ಬಂದಿದ್ದ ಅಜ್ಜ. ಮನೆಯೆಲ್ಲ ಜಾಲಾಡಿ ಹೋದ. ಅಷ್ಟೊತ್ತಿಗೆ ಅವಳು ಬಸ್ ಹತ್ತಿದ್ಲು."

"ಎಲ್ಲಿಗೆ ಹೋದ್ಲವ್ವ?"

"ನಿಮಗೆ ಹೇಳಬ್ಯಾಡ ಅಂದಾಳೆ."

ಈಗ ಗೊತ್ತಿಲ್ಲದ ನಂಬರುಗಳನ್ನೆಲ್ಲ ಎತ್ತುತ್ತೇನೆ. ಹೋದ ವಾರ ಒಂದರಲ್ಲಿ, "ಮಾಮ, ಉಂಡ್ರಾ?" ಎಂಬ ದನಿ ಬಂತು. ಅವಳ ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ. ಕಂಡಕ್ಟರ್ ಊರುಗಳ ಹೆಸರು ಕೂಗಲು ಶುರುಮಾಡಿದ. ಅವನು ಕೂಗಿ ಮುಗಿಸುವವರೆಗೂ ಫೋನನ್ನು ಕಿವಿಯಿಂದ ದೂರ ಹಿಡಿದು, ಬೆರಳಿನಿಂದ ಅದರ ದನಿ ಬರುವ ತೂತು ಮುಚ್ಚಿಕೊಂಡು ನಿಂತಿದ್ದೆ.