ಒಂದಕ್ಷರ ಆಚೀಚೆ ಮಾಡದವಳು

ಆ ದುಭಾಷಿಯನ್ನು ಕಾನೂನು ಕಾಲೇಜಿನ ಹುಡುಗರು ಬೆನ್ನ ಹಿಂದೆ ‘ಸಿಡುಕಮ್ಮ’ ಎನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು; ಕ್ಯಾರೇ ಎನ್ನುತ್ತಿರಲಿಲ್ಲ. ವಲಸೆ ಬಂದ ತಾಯಿಯ ಅಡುಗೆಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಕಲಿತು, ಅರ್ಧ ಆಯುಷ್ಯ ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ರೋಗಿಗಳಿಗೆ ದಾಟಿಸಿದವಳು. ‘ಮಗು ಉಳಿಯಲ್ಲ’ ಎಂಬುದನ್ನೂ ಸುತ್ತಿಬಳಸದೆ ತಾಯಂದಿರಿಗೆ ಹೇಳಿದವಳು. ಒಂದಕ್ಷರ ಆಚೀಚೆ ಮಾಡಿದವಳಲ್ಲ. ಅದೊಂದೇ ಅವಳ ಹೆಮ್ಮೆ.

ನಿವೃತ್ತಿಯಾದ ಮೇಲೆ ಕಾಲೇಜಿನ ಉಚಿತ ಕಾನೂನು ನೆರವಿನ ಕೋಣೆಗೆ ಬಂದಳು. ಅಲ್ಲಿ ವಿದ್ಯಾರ್ಥಿಗಳು ಒಬ್ಬ ಮೇಷ್ಟ್ರ ಕೈಕೆಳಗೆ ವಲಸಿಗರ ಕೇಸುಗಳಿಗೆ ದುಡಿಯುತ್ತಾ ವಕೀಲಿಕೆ ಕಲಿಯುತ್ತಿದ್ದರು. ಒಳ್ಳೆಯ ಕೆಲಸವೇ. ಆದರೆ ದರ್ಜಿಯ ಕೇಸು ಬಂದ ಮೇಲೆ ಅವಳಿಗೆ ಆ ಕೋಣೆಯೆಂದರೆ ಹೇಸಿಗೆಯಾಗತೊಡಗಿತು.

ದರ್ಜಿಯ ಅಣ್ಣನನ್ನು ಅವರ ದೇಶದಲ್ಲಿ ಅಂಗಡಿಗೆ ನುಗ್ಗಿದವರು ಕೊಂದಿದ್ದರು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅಡಗಿದ್ದ ಇವನಿಗೆ ಕಂಡದ್ದು ಅಣ್ಣನ ಚಪ್ಪಲಿ ಮಾತ್ರ. ವಾಪಸು ಕಳಿಸಿದರೆ ಅದೇ ಜನ ಇವನಿಗಾಗಿಯೂ ಕಾದಿದ್ದಾರೆ. ಇಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿದ್ದ; ಉಳಿಯಬೇಕೆಂದರೆ ವಿಚಾರಣಾಧಿಕಾರಿ ಇವನ ಮಾತು ನಂಬಬೇಕು. ಮೊದಲ ದಿನ ಅವನು ಎಲ್ಲಿಂದಲೋ ಶುರುಮಾಡಿ, ಹೊಲಿಗೆ ಯಂತ್ರದ ಬೆಲ್ಟು ಹರಿದದ್ದನ್ನೆಲ್ಲ ಹೇಳಿ, ಚಪ್ಪಲಿಯ ಹತ್ತಿರ ಬಂದಾಗ ಅತ್ತುಬಿಟ್ಟ.

“ತಲೆಬುಡ ಇಲ್ವಲ್ಲ ಇದಕ್ಕೆ. ತಿದ್ದಿ,” ಎಂದರು ಮೇಷ್ಟ್ರು.

ತಿದ್ದಿದರು. ಪ್ರತಿ ವಿದ್ಯಾರ್ಥಿಗೂ ಸಾಕ್ಷಿ ತಯಾರಿಯ ಅಂಕ ಬೇಕಲ್ಲ! ಒಬ್ಬರಾದ ಮೇಲೊಬ್ಬರು ಅವನನ್ನು ಕೂರಿಸಿಕೊಂಡು ಅವನ ಅಣ್ಣನನ್ನು ಮತ್ತೆ ಮತ್ತೆ ಸಾಯಿಸಿದರು. ಒಬ್ಬ ಅಧಿಕಾರಿಯ ಪಾತ್ರ ಹಾಕಿ ಗದರಿಸುವನು. ಮಿಕ್ಕವರು ಬಿಸ್ಕತ್ತು ತಿನ್ನುತ್ತಾ ನೋಡುವರು. “ಚಪ್ಪಲಿ ಅಂದ್ಮೇಲೆ ಸ್ವಲ್ಪ ನಿಲ್ಲಿಸಿ ನೀರು ಕುಡೀಲಿ, ಎಫೆಕ್ಟ್ ಬರುತ್ತೆ,” ಎಂದಳು ಒಬ್ಬಳು. ದುಭಾಷಿಯ ಕಸುಬೇ ಅಂಥದ್ದು: ಅವನು ‘ನಾನು’ ಎಂದರೆ ಇವಳೂ ‘ನಾನು’ ಎನ್ನಬೇಕು. ‘ನನ್ನಣ್ಣನ ಚಪ್ಪಲಿ’ ಎಂದು ಹೇಳಿ ಹೇಳಿ ಅವಳ ಬಾಯೆಲ್ಲ ಕಹಿಯಾಯಿತು.

“ವಾಂತಿ ಬರೋ ಹಾಗಿದೆ ನಂಗೆ. ಬಿಡ್ರೋ ಅವನನ್ನ!”

“ಪ್ರಾಕ್ಟೀಸ್ ಅಷ್ಟೇ ಮೇಡಂ,” ಎಂದು ನಕ್ಕರು.

ವಿಚಾರಣೆಯ ದಿನ ದರ್ಜಿ ಮಗ್ಗಿ ಒಪ್ಪಿಸುವವನಂತೆ ಎಲ್ಲವನ್ನೂ ಒಪ್ಪಿಸಿದ. ಕಣ್ಣಲ್ಲಿ ಒಂದು ಹನಿಯಿಲ್ಲ. ಚಪ್ಪಲಿ ಎಂದ, ನಿಲ್ಲಿಸಿದ, ನೀರು ಕುಡಿದ. ಅಧಿಕಾರಿ ಪೆನ್ನು ಕೆಳಗಿಟ್ಟರು.

“ಬಾಯಿಪಾಠ ಇದು. ಯಾರು ಹೇಳ್ಕೊಟ್ಟಿದ್ದು ನಿಂಗೆ?”

ಅವಳು ದಾಟಿಸಿದಳು. ಅವನು ಬೆವರೊರೆಸಿಕೊಂಡು, ಯಾರೂ ಇಲ್ಲ ಎಂದ. ಹಿಂದಿನ ಸಾಲಿನಲ್ಲಿ ಮೇಷ್ಟ್ರು ಚಾವಣಿ ನೋಡುತ್ತಾ ಕೂತಿದ್ದರು. ಥೂ ಎನಿಸಿತು ಅವಳಿಗೆ.

“ಯಾರೂ ಇಲ್ಲ ಅಂತಿದಾನೆ. ಅದು ಅವನ ಮಾತು,” ಎಂದಳು. “ಇನ್ನು ನನ್ನ ಮಾತು, ಸ್ವಾಮಿ. ಹೇಳ್ಕೊಟ್ಟೋರು ಹಿಂದೆ ಕೂತಿದಾರೆ. ನಡೆದದ್ದೆಲ್ಲ ನಿಜ. ಅವನ ಕಣ್ಣೀರು ಇವರ ಮುಂದೇನೇ ಖಾಲಿಯಾಗಿದೆ.”

ದುಭಾಷಿ ಸ್ವಂತ ಮಾತಾಡುವಂತಿಲ್ಲ. ಅಧಿಕಾರಿ ಅವಳನ್ನು ಹೊರಗೆ ಕಳಿಸಿದರು. ಆದರೆ ಅರ್ಜಿ ತಳ್ಳಿಹಾಕಲಿಲ್ಲ. ಮುಂದಿನ ತಿಂಗಳು ಬೇರೆ ದುಭಾಷಿಯನ್ನಿಟ್ಟುಕೊಂಡು, ವಿದ್ಯಾರ್ಥಿಗಳಿಲ್ಲದೆ, ಇನ್ನೊಮ್ಮೆ ಕೇಳುತ್ತೇನೆ ಎಂದರು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಡವೇ? ಮರುದಿನ ಮೇಷ್ಟ್ರು ಇಡೀ ತರಗತಿಯನ್ನೇ ಕೋಣೆಗೆ ತುಂಬಿಸಿದ್ದರು. ನಡುವಿನ ಕುರ್ಚಿಯಲ್ಲಿ ದರ್ಜಿ ಮುದುಡಿ ಕೂತಿದ್ದ.

“ಎಲ್ಲಿ ಎಡವಿದ್ವಿ ಅಂತ ಮಕ್ಕಳು ಕಲೀಬೇಕು ನೋಡಿ. ಮೊದಲಿಂದ ಪೂರ್ತಿ ಇನ್ನೊಂದ್ಸಲ ಹೇಳು ಅನ್ನಿ ಅವನಿಗೆ.”

ಅವಳು ಅವನ ಕಡೆ ತಿರುಗಿದಳು. ದರ್ಜಿ ತಲೆಯೆತ್ತಿ ಕೇಳಿದ: “ಏನಂತೆ ಅಕ್ಕಾ?”

“ಇಲ್ಲಿಗೆ ಮುಗೀತಂತಪ್ಪ,” ಎಂದಳು ಅವನ ಭಾಷೆಯಲ್ಲಿ. “ವಿಚಾರಣೆವರೆಗೂ ಯಾರಿಗೂ ಏನೂ ಹೇಳ್ಬೇಡ ಅಂತಿದಾರೆ. ಮನೆಗೆ ಹೋಗು.”

ಅವನು ಎದ್ದು, ಮೇಷ್ಟ್ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಳಗಳನೆ ಅತ್ತು, ಹೊರಟುಹೋದ.