ಮದುವೆ ಬ್ಲೌಸ್ ಕೇಳಿದವರಿಗೆ

ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನ ನನ್ನ ಟೈಲರಿಂಗ್ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಇಂಜಿನಿಯರ್ ಆಗಲೇ ಹೇಳಿದ್ದರು: "ವಿಚಾರಿಸಿದೋರಿಗೆಲ್ಲ ಮೇಲ್ ಹಾಕ್ಬೇಡಿ. ಹಾಕ್ಬಹುದಾ ಅಂತ ಮೊದ್ಲು ಕೇಳಿ. ಫಾರಮ್ಮಲ್ಲಿ ಒಂದು ಚೌಕ ಇಡ್ತೀನಿ, ಮೇಲ್ ಬೇಕಾದೋರು ಟಿಕ್ ಮಾಡ್ಲಿ."

"ಅವರೇ ಅಡ್ರೆಸ್ ಕೊಟ್ಟಿದಾರಲ್ಲ ಸಾರ್," ಎಂದು ಚೌಕ ಬೇಡವೆಂದೆ.

ಹೊಸ ರೇಷ್ಮೆ ಬಂದಾಗ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಮೇಲ್ ಬರೆದೆ. ತಲೆಬರಹ, 'ಮದುವೆ ಬ್ಲೌಸ್ ಕೇಳಿದವರಿಗೆ'. ನಮ್ಮೂರಲ್ಲಿ ಸಭೆಗೆ ಕರೆಯುವಾಗ ಒಂದೇ ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಮನೆಮನೆಗೆ ಒಯ್ದು ಸಹಿ ಹಾಕಿಸುತ್ತಿದ್ದರು. ಯಾರನ್ನೂ ಬಿಟ್ಟಿಲ್ಲವೆಂದು ಎಲ್ಲರಿಗೂ ಕಾಣಬೇಕಲ್ಲ. ನಾನೂ ವೆಬ್‌ಸೈಟಿನಲ್ಲಿ ವಿಚಾರಿಸಿದ್ದ ಹನ್ನೊಂದು ಜನ ಹೆಂಗಸರ ವಿಳಾಸಗಳನ್ನು ಹಾಗೆಯೇ ಒಂದೇ ಸಾಲಿನಲ್ಲಿ ಹಾಕಿ ಕಳಿಸಿದೆ.

ಮಧ್ಯಾಹ್ನ ಫೋನ್ ಬಂತು. ಮೈಸೂರಿನ ಅಕ್ಕ, ಅಂಗಡಿಯ ಮೊದಲ ಗಿರಾಕಿ.

"ಏನ್ ಸಾಬ್ರೇ ಇದು? ಮಗಳಿಗೆ ಹುಡುಗ ಗೊತ್ತಾಗಿರೋದು ಯಾರಿಗೂ ಹೇಳಿರ್ಲಿಲ್ಲ. ಆ ಲಿಸ್ಟಲ್ಲಿ ನಮ್ಮ ನಾದಿನೀನೂ ಇದಾಳೆ! 'ಅತ್ತೆ ನಾನು, ನಂಗಿಂತ ಮುಂಚೆ ಟೈಲರ್‌ಗೆ ಗೊತ್ತಾ' ಅಂತ ಅಳ್ತಿದಾಳೆ. ಬ್ಲೌಸ್ ಕೇಳಿದ್ರೆ ಡಂಗೂರ ಹೊಡೀತೀರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟರು.

ನನ್ನಿಂದ ಒಂದು ಮನೆ ಒಡೆದರೆ? ಸಂಜೆ ನಾಲ್ಕು ಮೈಲಿ ಡ್ರೈವ್ ಮಾಡಿಕೊಂಡು ಅವರ ಮನೆಗೆ ಹೋದೆ. ಯಾರ ಬಾಗಿಲಲ್ಲಾದರೂ ಮೂರು ಸಲ ಸಲಾಂ ಹೇಳು, ಉತ್ತರ ಬಾರದಿದ್ದರೆ ಬೇಸರಪಡದೆ ವಾಪಸ್ ಬಾ ಎಂದು ಅಮ್ಮಿ ಕಲಿಸಿದ್ದರು. ಮೂರು ಸಲ ಬೆಲ್ ಒತ್ತಿದೆ. ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ವಾಪಸ್ ಬಂದೆ. ಬಾಗಿಲಲ್ಲಿ ಮೂರು ಸಲ ಕೇಳಬೇಕೆಂದು ತಿಳಿದಿದ್ದ ನಾನು, ಮೇಲ್ ಕಳಿಸುವಾಗ ಒಂದು ಸಲವೂ ಕೇಳಿರಲಿಲ್ಲ.

ಮರುದಿನವೇ ಇಂಜಿನಿಯರ್‌ಗೆ ಹೇಳಿ ಚೌಕ ಹಾಕಿಸಿದೆ.

ತಿಂಗಳ ಮೇಲೆ ಅದೇ ಅಕ್ಕನಿಂದ ವೆಬ್‌ಸೈಟಿನಲ್ಲಿ ಆರ್ಡರ್ ಬಂತು: ಎರಡು ಬ್ಲೌಸ್, ಒಂದು ಮಗಳಿಗೆ, ಒಂದು ನಾದಿನಿಗೆ. ಆ ಸಾಲನ್ನು ಮೂರು ಸಲ ಓದಿದೆ. ಆದರೆ ಚೌಕ ಖಾಲಿ ಬಿಟ್ಟಿದ್ದರು.

ಹೊಲಿದು ತೂಗುಹಾಕಿದೆ. ತಯಾರಾಗಿದೆ ಎಂದು ಬರೆಯಬಹುದೇ? ಬೆರಳು ಕೀಬೋರ್ಡಿನ ಮೇಲೆ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ವಾರ ಕಳೆಯಿತು. ಪ್ರತಿ ಕಾರು ನಿಂತಾಗಲೂ ಎದ್ದು ನೋಡುತ್ತಿದ್ದೆ.

ಕೊನೆಗೆ ಅಕ್ಕ ತಾವೇ ಬಂದರು.

"ಯಾವಾಗ ರೆಡಿ ಆಯ್ತು?"

"ಒಂದ್ವಾರ ಆಯ್ತು ಅಕ್ಕಾ."

"ಒಂದು ಮೇಲ್ ಹಾಕಕ್ಕೇನು?"

"ನೀವು ಟಿಕ್ ಮಾಡಿರ್ಲಿಲ್ಲ..."

ನನ್ನ ಮುಖವನ್ನೇ ನೋಡಿದರು. "ಮುಂದಿನ ಸಲ ಹಾಕಿ. ನನಗೊಬ್ಬಳಿಗೇ. ಈಗ ಬೇಗ ಕೊಡಿ, ನಾದಿನಿ ಕಾರಲ್ಲಿ ಕೂತಿದಾಳೆ."