ಜಟ್ಟು ಕಟ್ಟಿದ ಪುಸ್ತಕದ ಮುಡಿಗಳು

ಅಂಕೋಲೆಯಿಂದ ಬೇಲೆಕೇರಿಗೆ ಹೋಗುವ ದಾರಿಯಲ್ಲಿ ಒಂದು ಕನ್ನಡ ಶಾಲೆ. ಏಳನೆಯ ಇಯತ್ತೆಯವರೆಗೆ ಕಲಿಸುತ್ತಿದ್ದರು. ಆ ಶಾಲೆಯ ಶಿಪಾಯಿ ಜಟ್ಟು. ಕಸ ಗುಡಿಸುವುದು, ನೀರು ತುಂಬಿಸುವುದು, ಹೊತ್ತು ಹೊತ್ತಿಗೆ ಗಂಟೆ ಹೊಡೆಯುವುದು ಅವನ ಕೆಲಸ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಗಂಟೆ ತಪ್ಪಿಸಿದವನಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಹೊಡೆದುಹೋದ ಪುಣ್ಯಾತ್ಮ. ಮಧ್ಯಾಹ್ನದ ಗಂಟೆ ಕೇಳಿಯೇ ಸುತ್ತಲಿನ ಗದ್ದೆಯ ಹೆಂಗಸರು ಗಂಜಿಗೆ ಏಳುತ್ತಿದ್ದರು.

ಅಕ್ಷರ ಮಾತ್ರ ಒಂದೂ ಬಾರದು. ಆ ಬಗ್ಗೆ ಅವನಿಗೇನೂ ಬೇಜಾರಿರಲಿಲ್ಲ, ಪುಸ್ತಕದ ಪೆಟ್ಟಿಗೆ ಬರುವ ತನಕ.

ಪೆಟ್ಟಿಗೆ ಕಾರವಾರದಿಂದ ಹಾಯಿ ಮಚವೆಯಲ್ಲಿ ಬಂದು ಬೇಲೆಕೇರಿ ಬಂದರದಲ್ಲಿ ಇಳಿದಿತ್ತು. ಹೊತ್ತು ತಂದವನು ಜಟ್ಟುವೇ. ಒಳಗೆ ಮೂವತ್ತೆರಡು ಪುಸ್ತಕ. ಧೂಳು ಹೊಡೆಯುವಾಗ ಅದರಲ್ಲೊಂದು ಬಿಚ್ಚಿಕೊಂಡಿತು, ಒಂದು ಚಿತ್ರ ಕಂಡಿತು. ಸುತ್ತಲೂ ಸಮುದ್ರ, ನಡುವೆ ಮಗುಚಿಬಿದ್ದ ದೋಣಿ, ದೋಣಿಯ ಬೆನ್ನ ಮೇಲೆ ಕುಳಿತ ಒಬ್ಬ ಹೆಂಗಸು. ಹೆಂಗಸು ನಗುತ್ತಿದ್ದಾಳೆ! ಹುಟ್ಟಿಲ್ಲ, ಹಗ್ಗವಿಲ್ಲ, ಹತ್ತಿರ ಒಂದು ನರಪಿಳ್ಳೆಯಿಲ್ಲ, ನಗುವುದೆಂತಕ್ಕೆ? ದೋಣಿ ಮಗುಚಿದವರನ್ನು ಜಟ್ಟು ಕಣ್ಣಾರೆ ಕಂಡವನು. ಅವರಲ್ಲಿ ನಕ್ಕವರು ಒಬ್ಬರೂ ಇರಲಿಲ್ಲ.

ಹೆಡ್ ಮಾಸ್ತರ ಮಾದೇವ ನಾಯಕರನ್ನು ಕೇಳಿದ. ನಿನಗೆ ಅದೆಲ್ಲ ಎಂತಕ್ಕೆ, ಹೋಗಿ ಗಂಟೆ ಹೊಡಿ ಎಂದರು. ಗಂಟೆ ಹೊಡೆದ. ನಾಲ್ಕು ವರ್ಷ ಗಂಟೆ ಹೊಡೆಯುತ್ತಲೇ ಇದ್ದ, ಆ ಹೆಂಗಸು ತಲೆಯೊಳಗೆ ನಗುತ್ತಲೇ ಇದ್ದಳು.

ಮೂವತ್ತೈದನೆಯ ಇಸವಿಯ ಬೇಸಗೆ ರಜೆ ಹತ್ತಿರ ಬಂತು. ಮಾಸ್ತರರು ಒಂದು ಕಾಗದ ಹಿಡಿದುಕೊಂಡು ಸಪ್ಪೆ ಮುಖ ಮಾಡಿದ್ದರು. ಓದುವವರಿಲ್ಲದ ಊರಲ್ಲಿ ಪುಸ್ತಕ ಇಡುವುದು ದಂಡವಂತೆ. ಜೂನಿನಲ್ಲಿ ದಿಪೋಟಿ ಸಾಹೇಬರು ಶಾಲೆ ತಪಾಸಣೆಗೆ ಬಂದಾಗ ಪೆಟ್ಟಿಗೆಯನ್ನು ವಾಪಸು ಒಯ್ಯುತ್ತಾರಂತೆ. ಜಟ್ಟು ಕೈಯ ಪೊರಕೆ ಕೆಳಗಿಟ್ಟ. ಪೆಟ್ಟಿಗೆ ಹೋದರೆ ಆ ಹೆಂಗಸೂ ಹೋದಳು, ಯಾಕೆ ನಕ್ಕಳೆಂದು ಹೇಳುವವರು ಮತ್ತೆ ಯಾರು?

ರಜೆಯಲ್ಲಿ ದೊಡ್ಡ ಇಯತ್ತೆಯ ಮಕ್ಕಳಿಗೆ ಓದಲು ಕೊಡೋಣ ಎಂದು ಜಟ್ಟು ಹಟ ಹಿಡಿದ. ಮಕ್ಕಳ ಮನೆಯಲ್ಲಿ ಒರಲೆ ಹಿಡಿಯುತ್ತದೆ, ಇಲಿ ಕಡಿಯುತ್ತದೆ, ಒಂದು ಹಾಳೆ ಹರಿದರೂ ನಿನ್ನ ತಲೆಗೇ ಎಂದರು ಮಾಸ್ತರರು. ಆಗಲಿ ಎಂದ ನಮ್ಮ ಜಟ್ಟು. ಮುಡಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಬೀಜದ ಭತ್ತವನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಅವನು ಕಟ್ಟಿದ ಮುಡಿಗೆ ಇರುವೆಯೂ ಹೊಗುತ್ತಿರಲಿಲ್ಲ. ಪುಸ್ತಕಗಳಿಗೂ ಹಾಗೆಯೇ ತೆಂಗಿನಕಾಯಿ ಗಾತ್ರದ ಮೂವತ್ತೆರಡು ಮುಡಿ ಕಟ್ಟಿ, ಮನೆಮನೆಗೆ ಮುಟ್ಟಿಸಿ, ಜೋಪಾನ ಎಂದು ಹೇಳಿ ಬಂದ. ದೋಣಿಯ ಹೆಂಗಸಿದ್ದ ಮುಡಿಯನ್ನು ಮಾತ್ರ ಬೇಕೆಂದೇ ಆರನೆಯ ಇಯತ್ತೆಯ ಹೊನ್ನಿಗೆ ಕೊಟ್ಟ. ಶಾಲೆಗೆಲ್ಲ ಗಟ್ಟಿಯಾಗಿ, ತಡವರಿಸದೆ ಓದುವವಳು ಅವಳೊಬ್ಬಳೇ.

ಒಂದು ತಿಂಗಳು ತಡೆದುಕೊಂಡ. ಆಮೇಲೆ ತಡೆಯಲಾರದೆ ಹೊನ್ನಿಯ ಮನೆಗೆ ಹೋದ. ಜಗಲಿಯಲ್ಲಿ ಅವಳ ಅಜ್ಜಿ ಮಾದಿ ಗೇರುಬೀಜ ಒಡೆಯುತ್ತಿದ್ದಳು. ಕತೆ ಎಲ್ಲಿಗೆ ಬಂತು ಮಗಳೇ ಎಂದು ಕೇಳಿದರೆ ಹೊನ್ನಿ ಒಳಗೆ ಬೆರಳು ತೋರಿಸಿದಳು. ಒಲೆಯ ಮೇಲಿನ ಅಟ್ಟದಲ್ಲಿ, ಬೀಜದ ಮುಡಿಗಳ ಸಾಲಿನಲ್ಲಿ, ಪುಸ್ತಕದ ಮುಡಿ ಹೊಗೆ ಕುಡಿಯುತ್ತ ನೇತಾಡುತ್ತಿತ್ತು. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು.

ಮಾದಿಗೆ ಹೆಮ್ಮೆಯೋ ಹೆಮ್ಮೆ. ಇಲಿಯನ್ನೂ ಮುಟ್ಟಗೊಡಲಿಲ್ಲ, ಈ ಹುಡುಗಿಯನ್ನೂ ಮುಟ್ಟಗೊಡಲಿಲ್ಲ ಎಂದಳು. ಜಟ್ಟು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪಕ್ಕದ ಐದು ಮನೆಗೆ ಓಡಿ ನೋಡಿದ, ಐದೂ ಕಡೆ ಅಟ್ಟದಲ್ಲೇ! ತಪ್ಪು ಯಾರದು? ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರೆ ಬಿಚ್ಚಿ ನೋಡುತ್ತಿದ್ದರು. ಬೀಜದ ಮುಡಿಯ ಗಂಟು ಹಾಕಿ ಕೊಟ್ಟ ಮೇಲೆ ಒಕ್ಕಲು ಮನೆಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ?

ಬೆವರು ಒರೆಸಿಕೊಳ್ಳುತ್ತ ಮತ್ತೆ ಮಾದಿಯ ಜಗಲಿಗೆ ಬಂದ. ಬಿಚ್ಚು ಎಂದರೆ ಮುದುಕಿ ಸುತಾರಾಂ ಒಪ್ಪಲಿಲ್ಲ.

"ಮಿರ್ಗದ ಮಳೆ ಬೀಳೂಕೆ ಮುಂಚೆ ಮುಡಿಗೆ ಕೈ ಹಾಕ್ತಾರನೋ ಜಟ್ಟು?" ಎಂದಳು.

ಜಟ್ಟು ಜಗಲಿಯ ಅಂಚಿಗೆ ಕುಳಿತ. ಆಮೇಲೆ ಮೆಲ್ಲಗೆ ಕೇಳಿದ: "ಬಿತ್ತೂಕೆ ಮುಂಚೆ ಒಂದು ಹಿಡಿ ತೆಗ್ದು ಮೊಳಕೆ ಬರ್ತದೋ ಇಲ್ವೋ ನೋಡೂದಿಲ್ವನೇ ಮಾದಕ್ಕ? ಕಟ್ಟಿದವ ನಾನೇ ಬಿಚ್ತೆ. ಒಂದೇ ಹಿಡಿ."

ಮುಡಿ ಇಳಿಸು ಎಂದು ಮುದುಕಿ ಹೊನ್ನಿಗೆ ಹೇಳಿದಳು. ಹಾಗೆ ನೋಡುವುದು ಅವಳ ಮನೆಯಲ್ಲೂ ವರ್ಷವರ್ಷದ ರೂಢಿಯೇ. ಜಟ್ಟು ಗಂಟು ಬಿಚ್ಚಿದ. ಹೊನ್ನಿ ಹೊಗೆ ವಾಸನೆಯ ಪುಸ್ತಕ ತೆರೆದು ಎರಡು ಹಾಳೆ ಓದಿದಳು. ಹೆಂಗಸೊಬ್ಬಳು ಗಂಡನೊಡನೆ ಜಗಳವಾಡಿ, ನಾನೇ ದೋಣಿ ನಡೆಸುತ್ತೇನೆಂದು ಒಬ್ಬಳೇ ಹೊರಟಳು ಎಂಬಲ್ಲಿಗೆ ಮಾದಿಯ ಕೈಯ ಗೇರುಬೀಜ ಕೈಯಲ್ಲೇ ಉಳಿಯಿತು. ಒಂದು ಹಿಡಿ ಆಯಿತೆಂದು ಜಟ್ಟು ಹುಲ್ಲು ಎಳೆದು ಮತ್ತೆ ಕಟ್ಟಲು ಕುಳಿತ.

"ಇರೋ ಮಾರಾಯ," ಎಂದಳು ಮಾದಿ. "ಅವ್ಳು ದಡ ಮುಟ್ಟಿದ್ಲೋ ಇಲ್ವೋ ನೋಡ್ವಾ."

ಕೇಳುತ್ತ ಕುಳಿತಿರಬೇಕೆಂದು ಜಟ್ಟುವಿಗೆ ಜೀವ ಹೋಗುವಷ್ಟು ಆಸೆ. ಆದರೆ ಇನ್ನೂ ಮೂವತ್ತೊಂದು ಮುಡಿ ಅಟ್ಟದ ಮೇಲಿತ್ತಲ್ಲ! ಎದ್ದು ಹೊರಟ. ರಜೆ ಮುಗಿಯಲು ಹದಿನೈದೇ ದಿನ. ಮನೆಮನೆಗೆ ಹೋಗಿ ಒಂದೊಂದು ಹಿಡಿ ಓದಿಸಿದ, ಒಂದು ಮನೆಯವರೂ ಮತ್ತೆ ಕಟ್ಟಗೊಡಲಿಲ್ಲ. ಹೊನ್ನಿಯ ಮನೆಗೆ ತಿರುಗಿ ಹೋಗಲು ಮಾತ್ರ ಪುರಸತ್ತಾಗಲಿಲ್ಲ.

ಶಾಲೆ ತೆರೆದ ಮೂರನೆಯ ದಿನ ದಿಪೋಟಿ ಸಾಹೇಬರು ಗಾಡಿಯಿಂದ ಇಳಿದರು. ಪುಸ್ತಕ ಮೂಸಿ ನೋಡಿ ಮೂಗು ಮುರಿದರು. ಇವನ್ನು ಓದಿದ್ದೀರೋ, ಮೀನಿನ ಜೊತೆ ಒಣಗಿಸಿದ್ದೀರೋ ಎಂದು ಗದರಿದರು. ಮಾಸ್ತರರ ಕಣ್ಣು ಬಾಗಿಲಲ್ಲಿ ನಿಂತ ಜಟ್ಟುವಿನ ಕಡೆ ಹೊರಳಿತು.

ಸಾಹೇಬರು ಹೊನ್ನಿಯನ್ನು ಎಬ್ಬಿಸಿದರು. ಅವಳು ಒಂದೇ ಸಮನೆ ಕತೆ ಹೇಳತೊಡಗಿದಳು. ಗಾಳಿ ಎದ್ದದ್ದು, ದೋಣಿ ಮಗುಚಿದ್ದು, ಹೆಂಗಸು ಅದರ ಬೆನ್ನು ಹತ್ತಿ ಗಂಡನನ್ನೂ ಹರಕೆಯ ದೇವರನ್ನೂ ಕೂಗಿದ್ದು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊನ್ನಿ ಅಲ್ಲಿಗೆ ನಿಲ್ಲಿಸಿಬಿಟ್ಟಳು.

"ಮುಂದೆ?" ಎಂದರು ಸಾಹೇಬರು.

"ಕಡೇ ಹಾಳೆ ಇನ್ನೂ ಓದ್ಲಿಲ್ಲ. ಮುಡಿ ಕಟ್ಟಿದವ್ರಿಗೆ ಒಂದು ಬೊಗಸೆ ಮೀಸಲು ಇಡ್ಬೇಕು ಅಂತ ನಮ್ಮಜ್ಜಿ ಹೇಳಿದ್ದು. ಅದು ಜಟ್ಟು ಮಾವಂದು."

ಸಾಹೇಬರು ಜಟ್ಟುವನ್ನು ಒಳಗೆ ಕರೆದರು, ಮಕ್ಕಳ ಬೆಂಚಿನ ಮೇಲೆ ಕೂರಲು ಹೇಳಿದರು. ಹನ್ನೊಂದು ವರ್ಷ ಒರೆಸಿದ ಬೆಂಚಿನ ಮೇಲೆ ಅವನು ಕುಳಿತದ್ದು ಅಂದೇ ಮೊದಲು. ಹೊನ್ನಿ ಕಡೆಯ ಹಾಳೆ ಓದಿದಳು. ಕೂಗಿ ಕೂಗಿ ಗಂಟಲು ಬಿದ್ದ ಹೆಂಗಸು ಸತ್ತರೆ ಸತ್ತೆನೆಂದು ಕಾಲು ಕೆಳಗೆ ಬಿಟ್ಟಳು. ಪಾದಕ್ಕೆ ಮರಳು ತಗಲಿತು. ಇಳಿತ ಬಂದು ನೀರು ಮೊಣಕಾಲಿಗೆ ಇಳಿದಿತ್ತು, ದೋಣಿ ಕೂತದ್ದು ಮರಳ ದಿಬ್ಬದ ಮೇಲೆ.

ಜಟ್ಟು ಮೊದಲು ಬಾಯಿ ತೆರೆದ, ಆಮೇಲೆ ನಕ್ಕ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಕ್ಕಳೂ ನಕ್ಕರು, ಮಾಸ್ತರರೂ ನಕ್ಕರು. ಸಾಹೇಬರು ಪೆಟ್ಟಿಗೆ ಇಲ್ಲೇ ಇರಲಿ ಎಂದು ಬರೆದು ರುಜು ಹಾಕಿದರು. ಜಟ್ಟು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಇನ್ನೊಂದು ಸಲ ಓದು ಮಗಳೇ ಎಂದು ಹೊನ್ನಿಯನ್ನು ಬೇಡುತ್ತಿದ್ದ.

ಹೊರಗೆ ಗದ್ದೆಯಲ್ಲಿ ಬೀಜ ಬಿತ್ತುತ್ತಿದ್ದ ಹೆಂಗಸರು ಸೂರ್ಯನನ್ನು ನೋಡಿದರು, ಶಾಲೆಯ ಕಡೆ ನೋಡಿದರು. ಆ ದಿನ ಮಧ್ಯಾಹ್ನದ ಗಂಟೆ ಹೊಡೆಯಲೇ ಇಲ್ಲ.